ಬಾಯಿಮಾತಿನ ಒಂದು ಮೀಟರ್ ಅರವತ್ತು

ಹೆದ್ದಾರಿಯಿಂದ ಪಡುವಣಕ್ಕೆ ಇಳಿದು, ರೈಲ್ವೆ ಗೇಟು ದಾಟಿ, ಕಡಲಿನತ್ತ ಸಾಗುವ ಆ ಓಣಿಯು ಹೆದ್ದಾರಿಯನ್ನು ಸೇರುವಲ್ಲಿ ಐದು ಮೀಟರ್ ನಲವತ್ತು ಸೆಂಟಿಮೀಟರ್ ಅಗಲವಿತ್ತು. ಅದನ್ನು ಅಳೆದವನು ನಾನೇ. ಪಂಚಾಯತಿನ ಕಡತದಲ್ಲಿದ್ದ ನಕ್ಷೆಯಲ್ಲಿ ಅದೇ ಜಾಗ ಏಳು ಮೀಟರ್ ಇತ್ತು. ಆ ನಕ್ಷೆಯನ್ನು ಬರೆದವನೂ ನಾನೇ. ಈ ಎರಡು ಅಳತೆಗಳ ನಡುವೆ ಕಾಣೆಯಾದ ಒಂದು ಮೀಟರ್ ಅರವತ್ತರ ಬೆನ್ನು ಹತ್ತಿಯೇ ನನ್ನ ಓವರ್ಸಿಯರ್ ಕೆಲಸದ ಕೊನೆಯ ತಿಂಗಳುಗಳು ಕಳೆದವು. ಇದರಲ್ಲಿ ಪಾಲುಗೊಂಡವರ ಹೆಸರುಗಳನ್ನು ಬರೆಯುವುದಿಲ್ಲ. ಹಾಗೆಂದು ಮರೆತಿದ್ದೇನೆಂದು ಅವರಾರೂ ಭಾವಿಸಬೇಕಾಗಿಲ್ಲ.

ನಮ್ಮ ಕಡೆ ಓಣಿಗಳನ್ನು ಅಗಲ ಮಾಡುವ ಕ್ರಮವೇ ಬೇರೆ. ಸರಕಾರ ಭೂಸ್ವಾಧೀನಕ್ಕೆ ಇಳಿದರೆ ಒಂದು ತಲೆಮಾರು ಬೇಕು. ಆದ್ದರಿಂದ ಊರವರೇ ಒಂದು ಸಂಜೆ ವಾಚನಾಲಯದಲ್ಲಿ ಸೇರುತ್ತಾರೆ. ವಾರ್ಡಿನ ಮೆಂಬರು ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಕರೆಸಿಕೊಂಡವರು ಎದ್ದು ನಿಂತು "ಕೊಟ್ಟೆ" ಎನ್ನುತ್ತಾರೆ. ಮರುದಿನ ಅವರವರ ಕೆಂಪುಕಲ್ಲಿನ ಕಾಂಪೌಂಡ್ ಗೋಡೆಗಳನ್ನು ಕಿತ್ತು ಹಿಂದಕ್ಕೆ ಸರಿಸುತ್ತಾರೆ. ಬರಹದಲ್ಲಿ ಕೊಡಬೇಕಾದ ಸಮ್ಮತಿಪತ್ರ ತಿಂಗಳುಗಳ ಬಳಿಕ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಬಾರದಿದ್ದರೂ ಯಾರೂ ಗೋಡೆಯನ್ನು ಮುಂದಕ್ಕೆ ತಂದದ್ದಿಲ್ಲ. ನಾನು ಈ ರೀತಿಯಲ್ಲಿ ಅಗಲ ಮಾಡಿಸಿದ ಓಣಿಗಳು ಇಪ್ಪತ್ತಕ್ಕೂ ಹೆಚ್ಚು. ಒಂದರಲ್ಲಿಯೂ ಮಾತು ತಪ್ಪಿರಲಿಲ್ಲ. ಆದ್ದರಿಂದಲೇ ನನಗೆ ಒಂದು ಕೆಟ್ಟ ಅಭ್ಯಾಸ ಬೆಳೆದಿತ್ತು. "ಕೊಟ್ಟೆ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆ ನೆಲದ ಪಟ್ಟಿಯನ್ನು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ತುಂಬಿ 'ಬಿಟ್ಟುಕೊಟ್ಟದ್ದು' ಎಂದು ಬರೆಯುತ್ತಿದ್ದೆ. ಮಾರ್ಚ್ ಮುಗಿಯುವುದರೊಳಗೆ ನಕ್ಷೆ ಹೋಗದಿದ್ದರೆ ಆ ವರ್ಷದ ಕಾಮಗಾರಿಯೇ ಹೋಗುತ್ತದೆ. ಕಲ್ಲು ಸರಿಯುವವರೆಗೆ ಕಾದರೆ ಮಾರ್ಚ್ ಕಾಯುವುದಿಲ್ಲ.

ಆ ಓಣಿಯ ಹಳೆಯ ಅಗಲ ಮೂರು ಮೀಟರ್ ಎಂಬತ್ತು. ಏಳು ಮೀಟರ್ ಆಗಬೇಕಾದರೆ ಎರಡೂ ಬದಿಯವರು ಒಂದು ಮೀಟರ್ ಅರವತ್ತರಂತೆ ಬಿಡಬೇಕಾಗಿತ್ತು. ಹೆದ್ದಾರಿಯ ತುದಿಯಲ್ಲಿ ತೆಂಕು ಬದಿಗೆ ಎರಡಂತಸ್ತಿನ ಅಂಗಡಿ ಕಟ್ಟಡ. ಅದರ ಮಾಲಕ ಕೊಲ್ಲಿಯಲ್ಲಿ ವ್ಯಾಪಾರ ಮಾಡಿ ಮರಳಿದವನು. ವಾಚನಾಲಯದ ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವನೂ ಅವನೇ.

"ಕೊಟ್ಟೆ ಮಾರಾಯ್ರೇ, ಊರಿಗಲ್ಲವಾ? ಹೋಗುವಾಗ ಹೊತ್ತುಕೊಂಡು ಹೋಗ್ಲಿಕ್ಕುಂಟಾ? ಅಂಗಡಿಯ ಮುಂದಿನ ಗೋಡೆ ಉಂಟಲ್ಲ, ಮುಂದಿನ ವಾರ ನಾನೇ ನಿಂತು ಕೀಳಿಸ್ತೇನೆ."

ಜನ ಚಪ್ಪಾಳೆ ತಟ್ಟಿದರು. ಮೆಂಬರು ಅವನಿಗೆ ಶಾಲು ಹೊದೆಸಿದರು. ಆ ಶಾಲನ್ನು ತಂದು ಕೊಡಲು ನನ್ನನ್ನೇ ಓಡಿಸಿದ್ದರು ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಎದುರಿನ ಬಡಗು ಬದಿಯಲ್ಲಿ ಬೀಡಿ ಕಟ್ಟುವ ಒಬ್ಬ ವಿಧವೆಯ ಹೆಂಚಿನ ಮನೆ. ಬ್ಯಾರಿ ಮನೆತನದ ಆ ಹೆಂಗಸು ಸಭೆಗೆ ಬಂದಿರಲಿಲ್ಲ. ಮರುದಿನ ನಾನು ಟೇಪು ಹಿಡಿದು ಅವರ ಅಂಗಳಕ್ಕೆ ಹೋದಾಗ ಮೊರದಲ್ಲಿದ್ದ ಎಲೆಯಿಂದ ಕಣ್ಣೆತ್ತದೆ ಕೇಳಿದರು.

"ಎಷ್ಟು ಬೇಕು ಓವರ್ಸಿಯರೇ?"

"ಒಂದು ಮೀಟರ್ ಅರವತ್ತು."

"ಮೀಟರ್ ನಂಗೆ ಗೊತ್ತಿಲ್ಲ. ಎಲ್ಲಿವರೆಗೆ ಬರ್ತದೆ, ಕಡ್ಡಿ ಇಡಿ."

ಕಡ್ಡಿ ಇಟ್ಟೆ. ಅವರು ಎದ್ದು ಬಂದು ನೋಡಿದರು. ಕಡ್ಡಿಗೂ ಜಗಲಿಯ ಅಂಚಿಗೂ ನಡುವೆ ಮೂವತ್ತು ಸೆಂಟಿಮೀಟರ್ ಉಳಿದಿತ್ತು. ಆ ಜಗಲಿಯೇ ಅವರ ಕಾರ್ಖಾನೆ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಕಟ್ಟು ಕಟ್ಟುವುದು ಎಲ್ಲವೂ ಅಲ್ಲಿಯೇ. ಒಳಗೆ ಬೆಳಕಿಲ್ಲ.

"ಜಗಲಿ ಉಳೀತದಲ್ಲ? ಸಾಕು," ಎಂದರು. ಅಂದು ಮಧ್ಯಾಹ್ನವೇ ನೆರೆಯ ಹೆಂಗಸರನ್ನು ಸೇರಿಸಿಕೊಂಡು ತಮ್ಮ ಗೋಡೆಯ ಕಲ್ಲುಗಳನ್ನು ತಾವೇ ಹೊತ್ತು ಹಿತ್ತಿಲಿಗೆ ಸಾಗಿಸಿದರು. ಅವರಿಗೆ ಯಾರೂ ಶಾಲು ಹೊದೆಸಲಿಲ್ಲ.

ನನ್ನ ಅಳತೆಪುಸ್ತಕದಲ್ಲಿ ಪ್ರತಿಯೊಂದು ಗೋಡೆಗೂ ಎರಡು ಕಾಲಮುಗಳಿದ್ದವು, ಕೀಳುವ ಮೊದಲಿನ ಅಳತೆ ಮತ್ತು ಕಿತ್ತ ಮೇಲಿನ ಅಳತೆ. ಅಂಗಡಿಯ ಗೋಡೆಯ ಎದುರು ಎರಡನೆಯ ಕಾಲಮು ಖಾಲಿ ಉಳಿಯಿತು. ಮುಂದಿನ ವಾರ ಎಂದಿದ್ದಾನೆ, ಮುಂದಿನ ವಾರ ತುಂಬಿದರಾಯಿತು ಎಂದುಕೊಂಡೆ. ನಕ್ಷೆಯಲ್ಲಿ ಮಾತ್ರ ಕೆಂಪು ತುಂಬಿ ಕಳುಹಿಸಿದೆ. ಮುಂದಿನ ವಾರ ಅವನಿಗೆ ಮೊಣಕಾಲು ನೋವು. ಅದರ ಮುಂದಿನ ತಿಂಗಳು ಅವನು ಕೊಲ್ಲಿಯಲ್ಲಿ. ಆಮೇಲೆ ಆ ಗೋಡೆಗೆ ಹೊಸ ಬಣ್ಣ ಬಂತು, ಚರಂಡಿಯ ಮೇಲೆ ಟೈಲ್ಸ್ ಹಾಸಿದ ಮೆಟ್ಟಿಲೂ ಬಂತು. ರಸ್ತೆಗೆ ಡಾಂಬರು ಬಿತ್ತು, ಏಳು ಮೀಟರ್ ಎಂದು ಬರೆದ ಬೋರ್ಡು ನೆಟ್ಟು ಉದ್ಘಾಟನೆಯಾಯಿತು. ನಾನು ಬೇರೆ ಓಣಿಗಳ ಕೆಲಸಕ್ಕೆ ಹೋದೆ. ನನ್ನ ಕರ್ತವ್ಯಲೋಪ ಇಷ್ಟು. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳುವುದು ಒಳ್ಳೆಯದು.

ಆ ನಕ್ಷೆಯ ಪ್ರತಿಯನ್ನು ಶಾಯಿ ಒಣಗುವ ಮುನ್ನವೇ ಒಬ್ಬ ಕಟ್ಟಡ ನಿರ್ಮಾಪಕನ ಗುಮಾಸ್ತ ಪಡೆದುಕೊಂಡು ಹೋಗಿದ್ದಾನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಏಳು ಮೀಟರ್ ರಸ್ತೆ ಇದ್ದರೆ ಎಷ್ಟು ಅಂತಸ್ತು ಏರಿಸಬಹುದೆಂಬ ಲೆಕ್ಕ ಅವರಿಗೆ ಬಾಯಿಪಾಠ. ರೈಲ್ವೆ ಗೇಟಿನ ಈಚೆಗಿದ್ದ ತೆಂಗಿನ ಹಿತ್ತಿಲಿನಲ್ಲಿ ಒಂಬತ್ತಂತಸ್ತಿನ ಫ್ಲ್ಯಾಟು ಎದ್ದಿತು. ಊರಿನ ಬಡವರು ದಾರಿಗೆಂದು ಬಿಟ್ಟ ಮಣ್ಣೇ ಆ ನಿರ್ಮಾಪಕನ ಮೇಲಂತಸ್ತುಗಳಿಗೆ ಪರವಾನಗಿಯಾಯಿತು. ಅದನ್ನು ನೋಡಿ ಗದ್ದೆ ತುಂಬಿಸಿದವರು ತುಂಬಿಸಿದರು, ವಿಲ್ಲಾ ಕಟ್ಟಿದವರು ಕಟ್ಟಿದರು. ಮಕ್ಕಳ ಇಂಗ್ಲಿಷ್ ಶಾಲೆಗೆಂದು ವರ್ಕಾಡಿ ಕಡೆಯಿಂದ ಇಳಿದು ಬಂದವರು, ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಕೆಲಸ ಮಾಡುವವರು, ಕಾಸರಗೋಡಿನ ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಬಂದ ಮುದುಕರು, ಎಲ್ಲರೂ ಆ ಒಂದೇ ಓಣಿಯೊಳಗೆ ತುಂಬಿಕೊಂಡರು. ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಮನುಷ್ಯರಿಗೆ ಮನೆ ಬೇಕು. ಮನೆಗಳನ್ನು ಒಂದರ ಮೇಲೊಂದು ಪೇರಿಸಿ ಮಾರಿದವರು ಕೆಳಗಿನ ದಾರಿಯ ಕಡೆಗೆ ಒಮ್ಮೆಯೂ ಬಗ್ಗಿ ನೋಡಲಿಲ್ಲವಲ್ಲ, ನನಗೆ ಹೇಸಿಗೆಯಾಗುವುದು ಅದಕ್ಕೆ.

ಬೆಳಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ಅಲ್ಲಿ ನಡೆಯುತ್ತಿದ್ದುದನ್ನು ಸಂಚಾರವೆಂದು ಕರೆಯಲಾಗದು. ಗೇಟು ಬಿದ್ದರೆ ಕಾರುಗಳ ಸಾಲು ಹೆದ್ದಾರಿಯವರೆಗೆ ಬೆಳೆಯುತ್ತಿತ್ತು. ಗೇಟು ತೆರೆದ ಮೇಲೂ ಅದು ಕರಗುತ್ತಿರಲಿಲ್ಲ. ಅಂಗಡಿಯ ಗೋಡೆಯ ಬಳಿ ಶಾಲೆಯ ಬಸ್ಸಿಗೆ ನೀರಿನ ಟ್ಯಾಂಕರ್ ಎದುರಾದರೆ ಎರಡರಲ್ಲೊಂದು ಹಿಂದಕ್ಕೆ ಹೋಗಲೇಬೇಕು, ಹಿಂದೆ ಹೋಗಲು ಜಾಗವಿಲ್ಲ. ಜುಲೈ-ಆಗಸ್ಟಿನಲ್ಲಿ ಕೊಲ್ಲಿಯಿಂದ ರಜೆಗೆ ಬಂದವರ ಬಾಡಿಗೆ ಕಾರುಗಳೂ ಸೇರಿದರೆ ಮುಗಿಯಿತು. ಒಮ್ಮೆ ನಾನು ಸ್ಕೂಟರಿನಲ್ಲಿ ಆ ಸಾಲಿನ ನಡುವೆ ಸಿಕ್ಕಿಕೊಂಡಾಗ ಒಬ್ಬ ಆಟೋ ಚಾಲಕ ತಲೆ ಹೊರಹಾಕಿ ಕೂಗಿದ.

"ಓವರ್ಸಿಯರೇ, ಬೋರ್ಡಿನಲ್ಲಿ ಏಳು ಮೀಟರ್ ಅಂತ ಉಂಟು! ಎಲ್ಲಿ ಉಂಟು ಮಾರಾಯ್ರೇ? ನಿಮ್ಮ ಟೇಪಿನ ಒಳಗೆ ಸುತ್ತಿ ಇಟ್ಟಿದ್ದೀರಾ?"

ಪಕ್ಕದಲ್ಲಿ ನಿಂತಿದ್ದ ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ನನ್ನ ನಿವೃತ್ತಿಗೆ ಕೆಲವೇ ತಿಂಗಳುಗಳಿದ್ದಾಗ ಫ್ಲ್ಯಾಟಿನ ನಿವಾಸಿಗಳ ಸಂಘದ ದೂರು ಜಿಲ್ಲಾ ಕಚೇರಿ ಸುತ್ತಿ ಪಂಚಾಯತಿಗೆ ಬಂತು. ಹೊಸದಾಗಿ ಬಂದಿದ್ದ ಅಸಿಸ್ಟೆಂಟ್ ಇಂಜಿನಿಯರ್ ನನ್ನನ್ನು ಕರೆಯದೆ, ಬೇರೊಬ್ಬರನ್ನು ಕರೆದುಕೊಂಡು ಹೋಗಿ ಸ್ಥಳದ ಅಳತೆ ಮಾಡಿಸಿದರು. ಹಳೆಯ ತಲೆಗಳಿಗೆ ಹೊಸ ಯಂತ್ರ ಅರ್ಥವಾಗುವುದಿಲ್ಲ ಎಂದು ನಗುತ್ತಾ ಹೇಳಿದ್ದರಂತೆ. ಹೊಸ ಯಂತ್ರ ಸರಿಯಾಗಿಯೇ ಅಳೆದಿತ್ತು. ಅಳತೆ ಎಲ್ಲಿಂದ ಆರಂಭವಾಗಬೇಕೆಂಬುದು ಮಾತ್ರ ಯಂತ್ರಕ್ಕೂ ತಿಳಿದಿರಲಿಲ್ಲ, ಅದನ್ನು ಹಿಡಿದವರಿಗೂ ತಿಳಿದಿರಲಿಲ್ಲ.

ಕೆಲವು ದಿನಗಳ ಬಳಿಕ ಬೀಡಿ ಕಟ್ಟುವ ಆ ಹೆಂಗಸು ಒಂದು ಕಾಗದ ಹಿಡಿದು ಕಚೇರಿಯ ಮೆಟ್ಟಿಲಲ್ಲಿ ಕುಳಿತಿದ್ದರು. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಕಚೇರಿಯ ಎಲ್ಲ ಕಾಗದಗಳಂತೆ ಅದೂ ಮಲಯಾಳದಲ್ಲಿತ್ತು.

"ಇದರಲ್ಲಿ ಎಂತ ಉಂಟು, ಓದಿ ಹೇಳಿ. ಮೂರು ಮಂದಿ ಹತ್ರ ಕೇಳಿದೆ, ಮೂರು ಮಂದಿಯೂ ಓದಿ ಸುಮ್ಮನಾದರು."

ಓದಿದೆ. ಮತ್ತೊಮ್ಮೆ ಓದಿದೆ. ಸಾರ್ವಜನಿಕ ರಸ್ತೆಯ ಬಡಗು ಬದಿಯನ್ನು ಒಂದು ಮೀಟರ್ ಅರವತ್ತು ಸೆಂಟಿಮೀಟರ್ ಅತಿಕ್ರಮಿಸಿದ್ದೀರಿ, ಹದಿನೈದು ದಿನಗಳೊಳಗೆ ತೆರವು ಮಾಡತಕ್ಕದ್ದು, ತಪ್ಪಿದಲ್ಲಿ ಪಂಚಾಯತೇ ಕೆಡವುವುದು ಎಂದಿತ್ತು.

"ಹೇಳಿ."

ಹೇಳಿದೆ. ಅವರು ಕಾಗದವನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು.

"ಅತಿಕ್ರಮಣ ಅಂದ್ರೆ ಕದ್ದದ್ದು ಅಂತ ಅಲ್ವಾ?"

"ಹೌದು."

"ನಾನಾ?"

ಕಡತ ತರಿಸಿ ನೋಡಿದಾಗ ಎಲ್ಲವೂ ಸ್ಪಷ್ಟವಾಯಿತು. ನನ್ನ ನಕ್ಷೆಯಲ್ಲಿ ತೆಂಕು ಬದಿ ಕೆಂಪಾಗಿತ್ತು. ಅಂದರೆ ಅಂಗಡಿಯವನು ಬಿಟ್ಟುಕೊಟ್ಟು ಆಗಿದೆ, ಈಗ ಅಲ್ಲಿ ನಿಂತಿರುವುದು ಹಿಂದೆ ಸರಿದ ಹೊಸ ಗೋಡೆ ಎಂದು ಇಂಜಿನಿಯರ್ ನಂಬಿದ್ದರು. ಆ ಗೋಡೆಯಿಂದ ಬಡಗಣಕ್ಕೆ ಏಳು ಮೀಟರ್ ಎಳೆದರು. ಏಳು ಮೀಟರ್ ಆ ವಿಧವೆಯ ಜಗಲಿಯನ್ನು ನುಂಗಿ, ಒಳಗೋಡೆಗೆ ಒಂದು ಗೇಣು ಬಾಕಿ ಇರುವಂತೆ ನಿಂತಿತು. ಕೊಡದವನ ಗೋಡೆ ಗಡಿಯಾಯಿತು, ಕೊಟ್ಟವಳ ಜಗಲಿ ಕಳ್ಳಮಾಲಾಯಿತು. ಇದನ್ನು ಸಾಧ್ಯವಾಗಿಸಿದ್ದು ನನ್ನ ಕೆಂಪು ಶಾಯಿ.

ಮೊದಲು ಅಂಗಡಿಯವನ ಬಳಿಗೆ ಹೋದೆ. ನಿಯಮದ ಪ್ರಕಾರ ನಾನು ಹೋಗಬೇಕಾಗಿರಲಿಲ್ಲ. ಮಾತು ಕೊಟ್ಟವನಿಗೆ ಮಾತನ್ನು ನೆನಪಿಸಿಕೊಳ್ಳುವ ಅವಕಾಶ ಕೊಡಬೇಕೆಂಬುದು ನನ್ನ ಪದ್ಧತಿ. ಅವನು ಗಲ್ಲಾದ ಹಿಂದೆ ಕುಳಿತೇ ಇದ್ದ. ಎದುರು ಎರಡು ಖಾಲಿ ಕುರ್ಚಿಗಳಿದ್ದವು. ಕುಳಿತುಕೊಳ್ಳಿ ಎನ್ನಲಿಲ್ಲ.

"ಮಾರಾಯ್ರೇ, ಸಭೆಯಲ್ಲಿ ಎಲ್ಲರೂ ಎಂತಾದ್ರೂ ಹೇಳ್ತಾರೆ. ಬರೆದು ಕೊಟ್ಟದ್ದು ಉಂಟಾ? ಇದ್ರೆ ತೋರಿಸಿ, ನಾಳೆಯೇ ಗೋಡೆ ಕೀಳ್ತೇನೆ."

"ಊರೆಲ್ಲ ಕೇಳಿಸಿಕೊಂಡಿದೆ. ನಿಮಗೆ ಶಾಲು ಹಾಕಿದ್ದಾರೆ."

"ಶಾಲು ಬೇಕಾದ್ರೆ ವಾಪಸ್ ಕೊಡ್ತೇನೆ." ಅವನ ಗಿರಾಕಿಗಳಿಬ್ಬರು ನಕ್ಕರು. ಆಮೇಲೆ ಅವನು ತಗ್ಗಿದ ದನಿಯಲ್ಲಿ, ಕನಿಕರ ತೋರಿಸುವವನಂತೆ ಹೇಳಿದ. "ನಕ್ಷೆ ನಿಮ್ಮದು. ನಾನು ಕೊಟ್ಟಿದ್ದೇನೆ ಅಂತ ಬರೆದದ್ದು ನೀವು. ಈಗ ಕೊಡ್ಲಿಲ್ಲ ಅಂತ ಹೇಳಿದ್ರೆ ಸುಳ್ಳು ಬರೆದದ್ದು ಯಾರು ಅಂತ ಕೇಳ್ತಾರೆ, ನೋಡಿ. ಈ ಪ್ರಾಯದಲ್ಲಿ ಯಾಕೆ ನಿಮಗೆ?"

ಅವನು ನನ್ನ ಕೈ ಕಟ್ಟಿರುವ ಜಾಗ ಎಲ್ಲಿದೆಯೆಂದು ವರ್ಷಗಳ ಹಿಂದೆಯೇ ತಿಳಿದುಕೊಂಡಿದ್ದ ಎಂಬುದು ಆಗ ಅರ್ಥವಾಯಿತು. ಚರಂಡಿಯ ಮೇಲಿನ ಅವನ ಟೈಲ್ಸ್ ಮೆಟ್ಟಿಲನ್ನು ತುಳಿಯದೆ ದಾಟಿ ಬಂದೆ.

ಇಂಜಿನಿಯರರು ಕೆಟ್ಟ ಮನುಷ್ಯರಲ್ಲ. ಅವಸರದ ಮನುಷ್ಯ. ಅಳತೆಪುಸ್ತಕದ ಖಾಲಿ ಕಾಲಮನ್ನು ತೋರಿಸಿದಾಗ ಬಾಗಿಲು ಹಾಕಿಸಿದರು.

"ಸರ್, ಇದನ್ನು ಕಡತಕ್ಕೆ ಸೇರಿಸಿದ್ರೆ ಮೊದಲು ಹೋಗುವುದು ನಿಮ್ಮ ತಲೆ. ರಿಟೈರ್ ಆಗ್ಲಿಕ್ಕೆ ಎಷ್ಟು ದಿನ ಉಂಟು ನಿಮಗೆ? ಅವರಿಗೆ ಹೇಳಿ, ಅರ್ಧ ಜಗಲಿ ಬಿಡಲಿ. ನಾನು ಒಂದು ಮೀಟರಿಗೆ ಇಳಿಸ್ತೇನೆ. ಎಲ್ಲರಿಗೂ ಸಮಾಧಾನ."

"ಅರ್ಧ ಜಗಲಿಯಲ್ಲಿ ಅರ್ಧ ಬೀಡಿ ಕಟ್ಟಲಿಕ್ಕಾಗುತ್ತದೆಯೇ?"

"ಹಾಗಲ್ಲ ಸರ್..."

"ಹಾಗೆಯೇ. ಕದಿಯದವರು ಕದ್ದ ಮಾಲಿನಲ್ಲಿ ಅರ್ಧ ಹಿಂದಿರುಗಿಸುವುದು ಯಾವ ನಿಯಮದಲ್ಲಿದೆ?"

ಅವರು ಗಡಿಯಾರ ನೋಡಿದರು. ನಾನು ಎದ್ದೆ.

ಅಂದು ಮಧ್ಯಾಹ್ನ ಊಟಕ್ಕೆ ಹೋಗದೆ ಟಿಪ್ಪಣಿ ಬರೆದೆ. ಮಲಯಾಳದಲ್ಲಿಯೇ ಬರೆದೆ. ಕನ್ನಡದಲ್ಲಿ ಬರೆದರೆ ಅನುವಾದಕ್ಕೆಂದು ಯಾವುದೋ ಮೇಜಿನ ಮೇಲೆ ಅದನ್ನು ಮಲಗಿಸುತ್ತಾರೆಂದು ನನಗೆ ಗೊತ್ತಿತ್ತು, ಅಷ್ಟರಲ್ಲಿ ಹದಿನೈದು ದಿನ ಕಳೆದುಹೋಗುತ್ತಿತ್ತು. ಆರು ವಾಕ್ಯಗಳ ಟಿಪ್ಪಣಿ ಅದು. ಈ ನಕ್ಷೆಯ ಕೆಂಪು ಪಟ್ಟಿಗಳನ್ನು ನಾನು ಬಾಯಿಮಾತಿನ ಆಧಾರದ ಮೇಲೆ ತುಂಬಿದ್ದೇನೆ. ಹೆದ್ದಾರಿಯ ತುದಿಯ ತೆಂಕು ಬದಿಯ ಗೋಡೆ ಇಂದಿನವರೆಗೆ ಸರಿದಿಲ್ಲ. ಬಡಗು ಬದಿಯವರು ಒಂದು ಮೀಟರ್ ಅರವತ್ತು ಬಿಟ್ಟಿರುವುದನ್ನು ಅಳತೆಪುಸ್ತಕದ ಪುಟ ತೋರಿಸುತ್ತದೆ. ಈ ಓಣಿಯ ಯಾವ ಪಟ್ಟಿಗೂ ಸಮ್ಮತಿಪತ್ರ ಪಡೆಯಲಾಗಿಲ್ಲ. ಆದ್ದರಿಂದ ನಕ್ಷೆ ಸುಳ್ಳು. ತಪ್ಪು ನನ್ನದು. ಸಹಿ ಹಾಕಿ, ಟಪಾಲು ಸ್ವೀಕರಿಸುವ ಆವಕ ವಿಭಾಗದಲ್ಲಿ ನಂಬರು ಬೀಳುವವರೆಗೆ ಎದುರು ನಿಂತು, ಮೊಹರಿನ ಪ್ರತಿ ಪಡೆದುಕೊಂಡು ಹೊರಬಂದೆ. ಮೊಹರಿಲ್ಲದ ಕಾಗದ ನಮ್ಮ ಕಚೇರಿಯಲ್ಲಿ ಎಲ್ಲಿ ಹೋಗುತ್ತದೆಂಬುದು ನನಗೆ ಗೊತ್ತಿರಲಿಲ್ಲವೆಂದರೆ ಅದೂ ಸುಳ್ಳಾದೀತು.

ಮರುದಿನವೇ ಸೆಕ್ರೆಟರಿ ನನಗೆ ಮೆಮೊ ಕೊಟ್ಟರು. ಪಂಚಾಯತಿನ ಅಧ್ಯಕ್ಷರು ಸಭೆ ಕರೆದು ಎಲ್ಲರೆದುರು, "ಇಷ್ಟು ವರ್ಷ ಮಲಗಿದ್ದ ಸತ್ಯ ಈಗ ಎದ್ದದ್ದು ಎಂತಕ್ಕೆ?" ಎಂದು ಕೇಳಿದರು. ಆ ಸಭೆಯಲ್ಲಿ ಎಲ್ಲರಿಗೂ ಚಹಾ ಬಂತು, ನನಗೆ ಬರಲಿಲ್ಲ. ನಿವೃತ್ತಿಯ ಕಾಗದಗಳು ತಡೆಹಿಡಿಯಲ್ಪಟ್ಟವು. ಆದರೆ ನಂಬರು ಬಿದ್ದ ಟಿಪ್ಪಣಿಯನ್ನು ನುಂಗುವ ಧೈರ್ಯ ಯಾರಿಗೂ ಇರಲಿಲ್ಲ. ಹದಿಮೂರನೆಯ ದಿನ ವಿಧವೆಗೆ ಕೊಟ್ಟ ನೋಟಿಸು ರದ್ದಾಯಿತು. ಅಂಗಡಿಯವನಿಗೆ ನೋಟಿಸು ಹೋಯಿತು. ಅವನು ನ್ಯಾಯಾಲಯದಿಂದ ತಡೆಯಾಜ್ಞೆ ತಂದ. ಗೋಡೆ ಇದ್ದಲ್ಲಿಯೇ ಉಳಿಯಿತು.

ಇಷ್ಟಾದ ಮೇಲೆ ಫ್ಲ್ಯಾಟಿನ ಸಂಘದ ನಾಲ್ವರು ಬಿಳಿ ಅಂಗಿಯವರು ಆ ಹೆಂಗಸಿನ ಜಗಲಿಗೆ ಬಂದರಂತೆ. ಬಹಳ ವಿನಯದಿಂದ ಬಂದರಂತೆ. ಆಂಬುಲೆನ್ಸ್ ಬರಬೇಕಲ್ಲವೇ, ದೊಡ್ಡ ಮನಸ್ಸು ಮಾಡಿ, ಅವನ ಕೇಸು ಮುಗಿಯುವಾಗ ವರ್ಷಗಳು ಬೇಕು ಎಂದರಂತೆ. ದೊಡ್ಡ ಮನಸ್ಸನ್ನು ಕೇಳಲು ಅಂಗಡಿಯ ಮೆಟ್ಟಿಲು ಹತ್ತಿದವರು ಆ ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ಸಣ್ಣ ಮನೆಯ ಬಾಗಿಲು ತಟ್ಟುವುದು ಸುಲಭ.

ಆ ಸುದ್ದಿ ಕೇಳಿ ನಾನು ಹೋದೆ. ನೌಕರಿ ಮುಗಿದು ವಾರವಾಗಿತ್ತು. ಅವರು ಎಲೆ ಕತ್ತರಿಸುತ್ತಿದ್ದರು. ಮೂವತ್ತು ಸೆಂಟಿಮೀಟರ್ ಆಚೆ ಬಸ್ಸಿನ ಚಕ್ರ ತಿರುಗುತ್ತಿತ್ತು.

"ನಿಮ್ಮಿಂದ ಹೋಗ್ಲಿಕ್ಕಿದ್ದದ್ದು ನಿಮ್ಮಿಂದಲೇ ಉಳೀತು," ಎಂದರು. "ಅದಕ್ಕೆ ನಾನು ಎಂತ ಹೇಳ್ಬೇಕು? ಬೈಯ್ಲಿಕ್ಕೂ ಆಗುದಿಲ್ಲ, ಹೊಗಳ್ಲಿಕ್ಕೂ ಆಗುದಿಲ್ಲ."

"ಎರಡೂ ಬೇಡ. ಒಂದು ವಿಷಯ ತಿಳಿಸಲು ಬಂದೆ. ನನ್ನ ಟಿಪ್ಪಣಿಯಿಂದ ನಕ್ಷೆಯೇ ರದ್ದಾಗಿದೆ. ನೀವು ಬಿಟ್ಟದ್ದಕ್ಕೂ ಕಾಗದವಿಲ್ಲ. ಈಗ ದಾಖಲೆಯ ಪ್ರಕಾರ ಆ ಒಂದು ಮೀಟರ್ ಅರವತ್ತು ನಿಮ್ಮದೇ. ಹಳೆಯ ಜಾಗದಲ್ಲಿ ನೀವು ಗೋಡೆ ಕಟ್ಟಿದರೆ ತಡೆಯಲು ಯಾರಿಗೂ ಹಕ್ಕಿಲ್ಲ."

ಅವರ ಕತ್ತರಿ ನಿಂತಿತು. ರಸ್ತೆಯಲ್ಲಿ ಎರಡು ಶಾಲಾ ವ್ಯಾನುಗಳು ಮುಖಾಮುಖಿ ನಿಂತು ಹಾರ್ನ್ ಹಾಕುತ್ತಿದ್ದವು. ಒಂದು ವ್ಯಾನಿನ ಎರಡು ಚಕ್ರಗಳು ಅವರ ಹಳೆಯ ಅಂಗಳದ ಮೇಲಿದ್ದವು.

"ಕಟ್ಟಿದ್ರೆ ಇವು ಎರಡೂ ಹೋಗ್ಲಿಕ್ಕಿಲ್ಲ ಅಲ್ವಾ?"

"ಹೋಗುವುದಿಲ್ಲ."

"ಆ ಬಿಳಿ ಅಂಗಿಯವರದ್ದೂ?"

"ಎದುರಾದರೆ ಯಾರದ್ದೂ ಹೋಗುವುದಿಲ್ಲ."

ಅವರು ಮೊರವನ್ನು ಬದಿಗಿಟ್ಟು ಎದ್ದರು. ಹಿತ್ತಿಲಿನಲ್ಲಿ ಹಳೆಯ ಗೋಡೆಯ ಕಲ್ಲುಗಳು ಪಾಚಿ ಹಿಡಿದು ರಾಶಿ ಬಿದ್ದಿದ್ದವು. ಮೂರನ್ನು ಆರಿಸಿ ಕಾಲಿನಿಂದ ತೋರಿಸಿದರು.

"ಹಳೇ ಗೋಡೆ ಎಲ್ಲಿ ಇತ್ತೋ ಅಲ್ಲಿಯೇ ಈ ಮೂರನ್ನು ಹುಗಿದು ಕೊಡಿ. ಡಾಂಬರಿಗೆ ಸಮ ಆಗ್ಬೇಕು, ಮೇಲೆ ಏಳ್ಬಾರ್ದು. ಬಿಳಿ ಪೈಂಟ್ ಕೊಡಿ. ಮೇಲಿನಿಂದ ಹೋಗ್ಲಿ ಅವರೆಲ್ಲ. ಯಾರದ್ದರ ಮೇಲಿನಿಂದ ಹೋಗ್ತಿದ್ದಾರೆ ಅಂತ ದಿನಾ ಕಾಣ್ಬೇಕು."

"ಸಮ್ಮತಿಪತ್ರ?"

"ಎದುರಿನ ಗೋಡೆ ಸರಿದ ದಿನ ತನ್ನಿ. ಅಂದೇ ಸಹಿ ಹಾಕ್ತೇನೆ."

ಭಾನುವಾರ ಬೆಳಗ್ಗೆ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅಳತೆಪುಸ್ತಕದಿಂದ ನಾನು ಬರೆದಿಟ್ಟುಕೊಂಡಿದ್ದ ಅಂಕಿಗಳಂತೆ ಜಗಲಿಯ ಅಂಚಿನಿಂದ ಒಂದು ಮೀಟರ್ ತೊಂಬತ್ತಕ್ಕೆ ಗೆರೆ ಎಳೆದೆ. ಮೊದಲ ಎರಡು ಕಲ್ಲುಗಳು ಕುಳಿತವು. ಮೂರನೆಯದನ್ನು ನಾನೇ ಹಿಡಿದು ಮಟ್ಟ ನೋಡುತ್ತಿದ್ದಾಗ ಬೆನ್ನ ಹಿಂದೆ ಒಂದು ಕಾರು ಬಂದು ನಿಂತು ಹಾರ್ನ್ ಹಾಕಿತು. ಆಮೇಲೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಯಾರೋ ಕಿಟಕಿಯಿಂದ, "ಎಂತ ಮಾರಾಯ್ರೇ, ರೋಡು ನಿಮ್ಮ ಅಪ್ಪನದ್ದಾ?" ಎಂದು ಕೂಗಿದರು.

"ನನ್ನದು!" ಎಂದು ಜಗಲಿಯಿಂದ ಉತ್ತರ ಬಂತು.

ನಾನು ತಿರುಗಿ ನೋಡಲಿಲ್ಲ. ಸಿಮೆಂಟ್ ಹಿಡಿಯುವವರೆಗೆ ಕಲ್ಲಿನಿಂದ ಕೈ ತೆಗೆಯಬಾರದು. ತೆಗೆಯಲಿಲ್ಲ.